ಪಾತ್ರ ಮತ್ತು ಕಾಯಕ

ಹೆಣ್ಣಿಗೆ ಒಲೆ, ಗಂಡಿಗೆ ಹೊಲ. ಹೆಣ್ಣಿಗೆ ಸಹನೆ, ಗಂಡಿಗೆ ಅಧಿಕಾರ ಎಂಬ ಹಂಚಿಕೆಯು ನಮ್ಮ ಸಮಾಜದಲ್ಲಿ ಬಹುಕಾಲದಿಂದ ಬೇರೂರಿದೆ. ಇದು ಪ್ರಕೃತಿ ವಿಧಿಸಿದ ನಿಯಮವೋ, ಮನುಷ್ಯರು ರೂಢಿಸಿಕೊಂಡ ಪಾತ್ರವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ತುಮಕೂರು ಸೀಮೆಯ ಬದುಕೇ ಇದಕ್ಕೆ ಉತ್ತರ ನೀಡಬಲ್ಲುದು.

೧೮೮೪ರಲ್ಲಿ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಸ್ಥಾಪನೆಯಾಯಿತು. ಅಂದಿನ ವೃತ್ತಿರಂಗಭೂಮಿಯಲ್ಲಿ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದರು. ಮರ್ಯಾದಸ್ಥರ ಮನೆಯ ಹೆಣ್ಣು ರಂಗವೇರಬಾರದೆಂಬುದು ಆ ಕಾಲದ ಕಟ್ಟಳೆ. ಹೆಣ್ಣಿನ ನಡೆ, ನುಡಿ, ನಾಚಿಕೆ, ಅಳು ಎಲ್ಲವನ್ನೂ ಹುಡುಗರು ಅಭ್ಯಾಸದಿಂದ ಕಲಿತು ಪ್ರೇಕ್ಷಕರ ಕಣ್ಣು ತೇವಗೊಳಿಸುತ್ತಿದ್ದರು. ಹೆಣ್ಣಿನ ಸ್ವಭಾವವೆಂದು ನಾವು ಕರೆಯುವ ಎಷ್ಟೋ ಲಕ್ಷಣಗಳು ಕಲಿಸಿದರೆ ಗಂಡಿಗೂ ಬರುವಂಥವು ಎಂಬುದನ್ನು ಆ ರಂಗವೇ ತೋರಿಸಿತು. ಆದರೂ ಹೆಣ್ಣಿನ ಪಾತ್ರವನ್ನು ಮೆಚ್ಚಿದ ಸಮಾಜವು ಹೆಣ್ಣನ್ನೇ ಹೊರಗಿರಿಸಿತ್ತು. ಮುಂದೆ ಗುಬ್ಬಿ ವೀರಣ್ಣನವರ (೧೮೯೧–೧೯೭೨) ಒಡೆತನದಲ್ಲಿ ಈ ಸಂಸ್ಥೆಯು ನಟಿಯರನ್ನು ಬರಮಾಡಿಕೊಂಡಿತು. ಅವರ ಪತ್ನಿ ಬಿ. ಜಯಮ್ಮನವರು, ಪುತ್ರಿ ಜಿ. ವಿ. ಮಾಲತಮ್ಮನವರು ಅಭಿನಯವನ್ನೇ ಕಾಯಕವಾಗಿಸಿಕೊಂಡರು. ಮೊಮ್ಮಗಳು ಬಿ. ಜಯಶ್ರೀಯವರು ನಟಿಯಾಗಿ, ನಿರ್ದೇಶಕಿಯಾಗಿ ಬೆಳೆದು ೨೦೧೩ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಭಾಜನರಾದರು.

ರಂಗದಾಚೆಯ ನಿದರ್ಶನವೂ ಗುಬ್ಬಿ ತಾಲ್ಲೂಕಿನದೇ. ಅಲ್ಲಿ ಜನಿಸಿದ ಸಾಲುಮರದ ತಿಮ್ಮಕ್ಕನವರು, ಕುಣಿಗಲ್ಲಿಗೆ ನೆರೆಯಾದ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದರು. ಮಕ್ಕಳಿಲ್ಲದ ಹೆಣ್ಣಿನ ಬಾಳು ಬರಡೆನ್ನುವ ಲೋಕದ ಮಾತಿನ ನೋವನ್ನು ಅವರು ಉಂಡವರು. ಹುಲಿಕಲ್ಲಿನಿಂದ ಕುದೂರಿನವರೆಗೆ ರಸ್ತೆಯ ಬದಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಅವನ್ನೇ ಮಕ್ಕಳೆಂದು ಸಾಕಿದರು. ನೀರು ಹೊರುವುದು ಹೆಣ್ಣಿನ ಕೆಲಸವೆನ್ನುವ ನಾಡಿನಲ್ಲಿ ಪತಿ ಚಿಕ್ಕಯ್ಯನವರೂ ಸರಿಸಮವಾಗಿ ಕೊಡ ಹೊತ್ತರು. ೨೦೧೯ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಸಂದಿತು. ೨೦೨೫ರಲ್ಲಿ ಅವರು ನಿಧನರಾದರು. ಸಾಲುಮರಗಳ ನೆರಳು ಇಬ್ಬರ ದುಡಿಮೆಯ ಫಲ.

ಈ ಸಮಭಾವವು ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಹಿಂದಿರುಗಿಸಿ ಬರುವಂತೆ ತಿದ್ದಿದವರು ಸತಿ ಲಕ್ಕಮ್ಮನವರು, ತಿದ್ದಿಕೊಂಡವರು ಪತಿ. ಶರಣರು ಕಾಯಕವನ್ನು ನಿಷ್ಠೆಯಿಂದ ಅಳೆದರೇ ಹೊರತು ಹೆಣ್ಣು ಗಂಡೆಂಬ ಭೇದದಿಂದಲ್ಲ.

ಈ ಪರಂಪರೆಯನ್ನು ನಿತ್ಯ ಸ್ಮರಿಸುವ ಮನೆಗಳಲ್ಲಿಯೇ ಮಗನು ಉಂಡ ತಟ್ಟೆಯನ್ನು ಮಗಳು ತೊಳೆಯುವುದುಂಟು. ಮನೆಗೆ ಕಷ್ಟ ಬಂದಾಗ ಮೊದಲು ಮಗಳ ಓದು ನಿಲ್ಲುವುದುಂಟು. ಶರಣರ ಮಾತನ್ನು ಪಾಠ ಹೇಳುವ ಶಿಕ್ಷಕರೂ, ಕಲಿತು ಹೋದ ಹಿರಿಯ ವಿದ್ಯಾರ್ಥಿಗಳೂ, ವಿದ್ಯಾದಾನಕ್ಕೆ ನೆರವಾಗುವ ದಾನಿಗಳೂ ಈ ತಿದ್ದುಪಡಿಯನ್ನು ತಂತಮ್ಮ ಅಡುಗೆಮನೆಯಿಂದಲೇ ಆರಂಭಿಸುವುದು ಯುಕ್ತ.