ಕಾಲುಗುರಿಗೆ ಅಡುಗೆಮನೆ ಎಷ್ಟು ಮಾಡೀತು?

ಪುಟ್ಟೀ, ನೀನು ಕಳಿಸಿದ ಹೆಬ್ಬೆರಳಿನ ಫೋಟೋ ದೊಡ್ಡದು ಮಾಡಿ ನೋಡಿದೆ. ತುದಿ ಹಳದಿ ತಿರುಗಿದೆ, ಒಂದು ಮೂಲೆ ದಪ್ಪಗಾಗಿ ಪುಡಿ ಉದುರುವ ಹಾಗಿದೆ. ‘ದೊಡ್ಡಮ್ಮ, ಮನೆಮದ್ದು ಇದ್ರೆ ಹೇಳು, ಇಷ್ಟಕ್ಕೆಲ್ಲ ಡಾಕ್ಟರ ಹತ್ರ ಹೋಗೋಕೆ ನಾಚಿಕೆ’ ಅಂತ ಬರೆದಿದ್ದೀಯ. ಮನೆಮದ್ದು ಹೇಳುತ್ತೇನೆ. ಅದು ನಿನ್ನ ಉಳಿದ ಒಂಬತ್ತು ಬೆರಳುಗಳನ್ನು ಕಾಯುತ್ತದೆ. ಈಗಾಗಲೇ ಕೆಟ್ಟಿರುವ ಉಗುರನ್ನು ಸರಿಮಾಡುವುದು ಮಾತ್ರ ಅದರ ಕೈಲಿ ಅಷ್ಟಾಗಿ ಆಗದ ಕೆಲಸ. ಇದನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ನನ್ನನ್ನು ಬೈಯುವುದಿಲ್ಲ ನೀನು.

ನಿನ್ನ ದೊಡ್ಡಪ್ಪನಿಗೆ ಬ್ಯಾಂಕಿನವರು ವರ್ಗ ಮಾಡಿದ್ದರಿಂದ ನೀನೀಗ ಇರುವ ಕೋಲ್ಕತ್ತಾದಲ್ಲೇ, ಲೇಕ್ ಮಾರ್ಕೆಟ್ ಹತ್ತಿರ ಸಂಸಾರ ಮಾಡಿದವಳು ನಾನು. ಆ ಊರಿನ ಮಳೆ ನಮ್ಮ ತೀರ್ಥಹಳ್ಳಿಯ ಮಳೆಯಲ್ಲ. ನಮ್ಮಲ್ಲಿ ಎಷ್ಟು ಹುಯ್ದರೂ ನೀರು ಇಳಿಜಾರು ಹಿಡಿದು ಹೊಳೆ ಸೇರುತ್ತದೆ. ಕೋಲ್ಕತ್ತಾ ತಟ್ಟೆಯ ಹಾಗೆ ಚಪ್ಪಟೆ. ಹಳೇ ಊರಿನ ನೆಲದಡಿಯಲ್ಲಿರುವ ಇಟ್ಟಿಗೆ ಕಾಲುವೆಗಳು ಹತ್ತೊಂಬತ್ತನೇ ಶತಮಾನದವು, ಮಳೆನೀರೂ ಕೊಳಚೆಯೂ ಅವುಗಳಲ್ಲಿ ಒಟ್ಟಿಗೇ ಹರಿಯುತ್ತವೆ. ಹೂಗ್ಲಿಯಲ್ಲಿ ಭರತವಿದ್ದಾಗ ತೂಬಿನ ಬಾಗಿಲು ಹಾಕಿಬಿಡುತ್ತಾರೆ, ಆ ಹೊತ್ತಲ್ಲಿ ಬಿದ್ದ ಮಳೆಗೆ ಹೋಗಲು ದಾರಿಯಿಲ್ಲ. ಠನ್‌ಠನಿಯಾ, ಆಮ್‌ಹರ್ಸ್ಟ್ ಸ್ಟ್ರೀಟ್ ಕಡೆ ಮೊಣಕಾಲುದ್ದ ನೀರು ನಿಂತರೆ ಅಲ್ಲಿಯ ಜನ ತಲೆಯೆತ್ತಿ ನೋಡುವುದೂ ಇಲ್ಲ. 2025ರ ಸೆಪ್ಟೆಂಬರ್ 23ರಂದು, ದುರ್ಗಾಪೂಜೆಗೆ ಕೆಲವೇ ದಿನ ಇರುವಾಗ, ಒಂದೇ ರಾತ್ರಿಯಲ್ಲಿ 250 ಮಿಲಿಮೀಟರಿನ ಹತ್ತಿರ ಹತ್ತಿರ ಮಳೆ ಸುರಿದು ಊರೇ ಮುಳುಗಿತ್ತಲ್ಲ, ಆಗ ನಿಂತ ನೀರಿನಲ್ಲಿ ಕರೆಂಟ್ ತಗುಲಿ ಜನ ಸತ್ತರು. ಆದ್ದರಿಂದ ನಿಂತ ನೀರಿಗೆ ಇಳಿಯಬೇಡ ಅನ್ನುವಾಗ ನನ್ನ ತಲೆಯಲ್ಲಿ ಉಗುರು ಎರಡನೆಯ ವಿಷಯ.

ನಿಜ ಹೇಳಬೇಕೆಂದರೆ ಉಗುರಿಗೆ ಶತ್ರು ಬೀದಿಯ ನೀರಿಗಿಂತ ಹೆಚ್ಚಾಗಿ ಆಮೇಲೆ ನೀನು ಮಾಡುವ ಕೆಲಸ. ಒದ್ದೆ ಕಾಲುಚೀಲ, ಒದ್ದೆ ಶೂ, ಅದರ ಮೇಲೆ ಸೆಕ್ಟರ್ ಫೈವ್‌ನ ಆಫೀಸಿನಲ್ಲಿ ಇಡೀ ದಿನ. ಹೆಚ್ಚಿನ ಉಗುರುಗಳನ್ನು ಹಿಡಿಯುವುದು ಟ್ರೈಕೋಫೈಟಾನ್ ರೂಬ್ರಮ್ ಅನ್ನುವ ಬೂಷ್ಟು. ಚರ್ಮ, ಕೂದಲು, ಉಗುರಿನಲ್ಲಿರುವ ಕೆರಾಟಿನ್ನೇ ಅದರ ಊಟ. ಅದು ನೇರವಾಗಿ ಉಗುರಿಗೆ ಹಾರುವುದು ಕಡಿಮೆ. ಮೊದಲು ಬೆರಳ ಸಂದಿಯಲ್ಲಿ ಬೆಳ್ಳಗೆ ಹಸಿಹಸಿಯಾಗಿ ಸಿಪ್ಪೆ ಏಳುತ್ತದೆ, ಬಂಗಾಳಿಗಳು ‘ಹಾಜಾ’ ಅನ್ನುತ್ತಾರೆ, ನಮ್ಮ ಗದ್ದೆಯವರ ಕೆಸರು ಹುಣ್ಣಿನ ಹಾಗೇ. ಅದನ್ನು ಉಪೇಕ್ಷೆ ಮಾಡಿದರೆ ತಿಂಗಳುಗಳ ಮೇಲೆ ಉಗುರಿನ ಅಡಿಗೆ ಹೊಗುತ್ತದೆ. ನಿನ್ನ ಬೆರಳ ಸಂದಿ ಬಿಡಿಸಿ ನೋಡು, ತುರಿಕೆ ಇದೆಯಾ? ಇದ್ದರೆ ಮನೆಮದ್ದಿನ ಜಾಗ ಅದೇ.

ನಮ್ಮ ಕಡೆ ನಾಟಿ ಶುರುವಾಯಿತೆಂದರೆ ಹೆಂಗಸರು ಬೆರಳ ಸಂದಿಗೆ ಮದರಂಗಿ ಅರೆದು ಹಚ್ಚಿಕೊಳ್ಳುತ್ತಿದ್ದರು, ನೆನಪಿದೆಯಾ ನಿನ್ನ ಅಜ್ಜಿಯ ಕೆಂಪು ಕಾಲು? ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಕಾಲು ತೊಳೆಯುವುದೂ ಒಳ್ಳೆಯದೇ. ಅಡುಗೆಯ ಬಿಳಿ ವಿನೆಗರ್ ಒಂದು ಪಾಲು, ಉಗುರುಬೆಚ್ಚಗಿನ ನೀರು ಎರಡು ಪಾಲು, ಕಾಲು ಗಂಟೆ ಅದರಲ್ಲಿ ಕಾಲಿಟ್ಟುಕೊಂಡು ಕೂತರೆ ಸಂದಿಯ ತುರಿಕೆ ತಗ್ಗುತ್ತದೆ. ಚರ್ಮ ಒಡೆದಿದ್ದರೆ, ಉರಿದರೆ, ತಕ್ಷಣ ಬಿಡು. ಇವೆಲ್ಲ ಚರ್ಮಕ್ಕೆ ಸರಿ. ಉಗುರು ಗಟ್ಟಿ ಹಲಗೆ, ಬೂಷ್ಟು ಇರುವುದು ಅದರ ಅಡಿಯಲ್ಲಿ. ಮೇಲೆ ಹಚ್ಚಿದ್ದು ಅಲ್ಲಿಗೆ ಇಳಿಯುವುದೇ ಇಲ್ಲ ಅನ್ನಬಹುದು. ಅರಿಶಿನ ಹಚ್ಚಿದರೆ ಇನ್ನೊಂದು ತಾಪತ್ರಯ: ಹಳದಿ ಉಗುರಿನ ಮೇಲೆ ಹಳದಿ ಬಳಿದು, ಗುಣವಾಯಿತೋ ಇಲ್ಲವೋ ಅಂತ ಯಾರು ಹೇಳಬೇಕು?

ನಿನ್ನ ಪಿಜಿಯ ಪಕ್ಕದ ಮಾಶಿಮಾ ಸಾಸಿವೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಕೊಟ್ಟರು ಅಂದೆ. ಬಂಗಾಳದಲ್ಲಿ ನೆಗಡಿಗೂ ಅದೇ, ಕೀಲುನೋವಿಗೂ ಅದೇ, ‘ನೊಖ್‌ಕುನಿ’ ಅನ್ನುವ ಉಗುರಿನ ಕಾಟಕ್ಕೂ ಅದೇ. ಪ್ರೀತಿಯಿಂದ ಕೊಟ್ಟಿದ್ದನ್ನು ಬೇಡವೆನ್ನಬೇಡ, ಹಿಮ್ಮಡಿ ಒಡೆದಿದ್ದರೆ ಅಲ್ಲಿಗೆ ತಿಕ್ಕಿಕೋ. ಬೆರಳ ಸಂದಿಗೆ ಯಾವ ಎಣ್ಣೆಯೂ ಬೇಡ, ಅಲ್ಲಿ ಜಿಡ್ಡು ಪಸೆಯನ್ನು ಹಿಡಿದಿಡುತ್ತದೆ. ಹಸಿ ಬೆಳ್ಳುಳ್ಳಿ ಜಜ್ಜಿ ಕಟ್ಟಿಕೊಂಡು ಮಲಗುವ ಉಪದೇಶ ಯಾರಾದರೂ ಕೊಟ್ಟರೆ ಕೇಳಬೇಡ. ಬೆಳಗಾಗುವಷ್ಟರಲ್ಲಿ ಸುಟ್ಟ ಬೊಬ್ಬೆ ಎದ್ದಿರುತ್ತದೆ. ಬ್ಲೀಚಿಂಗ್ ಪೌಡರಿನ ನೀರೂ ಹಾಗೆಯೇ, ಅದು ನೆಲಕ್ಕೆ ಇರಲಿ.

ಮನೆಮದ್ದುಗಳಲ್ಲಿ ಪರೀಕ್ಷೆಗೆ ಒಳಪಟ್ಟದ್ದು ಒಂದಿದೆ, ನಗಬೇಡ: ವಿಕ್ಸ್. 2011ರಲ್ಲಿ ಅಮೆರಿಕದಲ್ಲಿ 18 ಜನರ ಕಾಲುಗುರಿಗೆ ದಿನಾ ಹಚ್ಚಿಸಿ 48 ವಾರ ನೋಡಿದರು. ಐದು ಜನರಿಗೆ ಪೂರ್ತಿ ವಾಸಿಯಾಯಿತು. ಹದಿನೆಂಟು ಜನ ಅಂದರೆ ಒಂದು ಮದುವೆಮನೆಯ ಅರ್ಧ ಪಂಕ್ತಿಯೂ ಅಲ್ಲ, ಅದರಲ್ಲಿ ಹದಿಮೂರು ಮಂದಿಗೆ ಪೂರ್ತಿ ಗುಣ ಸಿಗಲಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿ. ಹಚ್ಚಿದರೆ ಹಾನಿಯಿಲ್ಲ. ಬರೀ ಅದನ್ನೇ ನಂಬಿ ವರ್ಷ ಕಳೆದರೆ ಹಾನಿ.

ಈಗ ಗದರುವ ಮಾತು. ನಿನ್ನ ಬೀದಿಯ ಔಷಧಿ ಅಂಗಡಿಯವನು ‘ದೀದಿ, ಇದು ಹಚ್ಚಿ, ಮೂರು ದಿನದಲ್ಲಿ ಮಾಯ’ ಅಂತ ಟ್ಯೂಬ್ ಕೊಟ್ಟಿದ್ದಾನಲ್ಲ, ಅದರ ಮೇಲೆ ಸಣ್ಣ ಅಕ್ಷರದಲ್ಲಿ ಕ್ಲೋಬೆಟಾಸಾಲ್ ಅಥವಾ ಬೆಕ್ಲೋಮೆಥಾಸೋನ್ ಅಂತಿದ್ದರೆ ಕಸದ ಬುಟ್ಟಿಗೆ ಹಾಕು. ಅದು ಸ್ಟಿರಾಯ್ಡ್. ತುರಿಕೆ ಮೂರು ದಿನದಲ್ಲಿ ನಿಲ್ಲುವುದು ನಿಜ, ಬೂಷ್ಟು ಸತ್ತದ್ದಕ್ಕಲ್ಲ, ಅದರ ವಿರುದ್ಧ ಕೆಂಪೆದ್ದು ಜಗಳವಾಡುತ್ತಿದ್ದ ನಿನ್ನ ಚರ್ಮವನ್ನು ಅದು ಸುಮ್ಮನಾಗಿಸಿದ್ದಕ್ಕೆ. ಒಳಗೆ ಬೂಷ್ಟು ಹಾಯಾಗಿ ಹರಡುತ್ತದೆ, ಚರ್ಮ ತೆಳ್ಳಗಾಗುತ್ತದೆ. ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿತು. ಅಂಗಡಿಗಳಲ್ಲಿ ಅದರ ಮರ್ಯಾದೆ ಎಷ್ಟೆಂದು ನಿನಗೇ ಗೊತ್ತು. ಚೀಟಿಯಿಲ್ಲದೆ ಅರೆಬರೆ ಔಷಧಿ ಬಳಸಿದ ನಮ್ಮ ಅಭ್ಯಾಸದ ಫಲವನ್ನು ಈಗ ಜಗತ್ತೇ ನೋಡುತ್ತಿದೆ. ಟರ್ಬಿನಾಫಿನ್‌ ಮಾತ್ರೆಗೂ ಎಷ್ಟೋ ಸಲ ಜಗ್ಗದ ಒಂದು ಹುಳುಕಡ್ಡಿಯ ಬೂಷ್ಟಿಗೆ 2020ರಲ್ಲಿ ಹೆಸರಿಡುವಾಗ ಇಂಡಿಯಾವನ್ನೇ ಸೇರಿಸಿ ‘ಟ್ರೈಕೋಫೈಟಾನ್ ಇಂಡೊಟಿನಿಯೆ’ ಅಂದರು. ಹೆಮ್ಮೆ ಪಡುವ ಸಂಗತಿಯಲ್ಲ.

ಹಾಗಾಗಿ ಡಾಕ್ಟರ ಹತ್ತಿರ ಹೋಗು. ನಾಚಿಕೆ ಯಾಕೆ, ನೀನಿರುವ ಊರು ಇಂಥ ಕಾಯಿಲೆಗಳನ್ನು ಓದಿ ಅರಗಿಸಿಕೊಂಡ ಊರು. ಚಿತ್ತರಂಜನ್ ಅವೆನ್ಯೂದಲ್ಲಿ ಮೆಡಿಕಲ್ ಕಾಲೇಜಿನ ಪಕ್ಕದಲ್ಲೇ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್ ಇದೆ. ಡಾಕ್ಟರ್ ಲಿಯೊನಾರ್ಡ್ ರೋಜರ್ಸ್ ಹಟ ಹಿಡಿದು ಕಟ್ಟಿಸಿದ್ದು, 1914ರಲ್ಲಿ ಅಡಿಗಲ್ಲು ಬಿದ್ದಿತ್ತು. ಗಣಪತಿ ಪಂಜಾ ಅವರಂಥ ಚರ್ಮವೈದ್ಯರು ಬಹಳ ಹಿಂದೆಯೇ ಅಲ್ಲಿ ಕೂತು ಬಂಗಾಳದ ಚರ್ಮದ ಬೂಷ್ಟುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದವರು. ಅಲ್ಲೇ ಹೋಗಬೇಕೆಂದಿಲ್ಲ, ಹತ್ತಿರದ ಯಾವ ಚರ್ಮವೈದ್ಯರಾದರೂ ಆದೀತು. ಮೊದಲು ಪರೀಕ್ಷೆ ಆಗಲಿ. ಕೆಟ್ಟ ಉಗುರುಗಳಲ್ಲಿ ಸುಮಾರು ಅರ್ಧಕ್ಕಷ್ಟೇ ಬೂಷ್ಟು ಕಾರಣ. ಪೂಜೆಗೆಂದು ಕೊಂಡ ಹೊಸ ಶೂ ಬಿಗಿಯಾಗಿ, ರಾತ್ರಿಯಿಡೀ ಪೆಂಡಾಲ್ ಸುತ್ತಿ ಉಗುರು ಜಜ್ಜಿಹೋದರೂ ಹೀಗೇ ಕಾಣುತ್ತದೆ, ಸೋರಿಯಾಸಿಸ್‌ನಲ್ಲೂ ಹೀಗೇ. ಉಗುರಿನ ಚೂರನ್ನು ಕೆರೆದು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಹನಿಯಲ್ಲಿ ಕರಗಿಸಿ ನೋಡಿದರೆ ಬೂಷ್ಟಿನ ಎಳೆ ಕಾಣುತ್ತದೆ. ಅಗ್ಗದ ಪರೀಕ್ಷೆ ಅದು.

ಬೂಷ್ಟೇ ಅಂತಾದರೆ ಸಾಮಾನ್ಯವಾಗಿ ಟರ್ಬಿನಾಫಿನ್ 250 ಮಿಲಿಗ್ರಾಂ, ದಿನಕ್ಕೊಂದು, ಕಾಲುಗುರಿಗೆ ಹನ್ನೆರಡು ವಾರ ಬರೆಯುತ್ತಾರೆ. ಲಿವರ್ ಪರೀಕ್ಷೆ ಮಾಡಿಸು ಅಂದರೆ ತಕರಾರು ಮಾಡಬೇಡ. ಸ್ವಲ್ಪವೇ ಹಿಡಿದಿದ್ದರೆ ವಾರಕ್ಕೊಮ್ಮೆ ಬಳಿಯುವ ಅಮೊರಾಲ್ಫಿನ್ ಲ್ಯಾಕರ್ ಸಾಕು ಅಂದಾರು. ಬಹಳ ಜನ ಎಡವುವುದು ಮಾತ್ರೆ ಮುಗಿದ ಮೇಲೆ. ಹೆಬ್ಬೆರಳಿನ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು ಒಂದೂವರೆ ಮಿಲಿಮೀಟರ್. ಬುಡದಿಂದ ತುದಿಯವರೆಗೆ ಹೊಸ ಉಗುರು ಬರಲು ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ. ಮೂರು ತಿಂಗಳು ನುಂಗಿದರೂ ತುದಿ ಹಳದಿಯೇ ಇದೆ ಅಂತ ಔಷಧಿಯನ್ನು ಬೈದು ಮತ್ತೆ ಬೆಳ್ಳುಳ್ಳಿಗೆ ಓಡಬೇಡ. ಬುಡದಲ್ಲಿ ನೋಡು, ಅಲ್ಲಿ ತಿಳಿ ಗುಲಾಬಿ ಉಗುರು ಮೂಡುತ್ತಿದ್ದರೆ ಗೆದ್ದ ಹಾಗೆ.

ಈ ವರ್ಷವಿಡೀ ನಿನ್ನ ಮನೆಮದ್ದಿಗೆ ಕೈತುಂಬ ಕೆಲಸವಿದೆ. ಆಫೀಸಿಗೆ ಹೋಗುವಾಗ ರಬ್ಬರ್ ಚಪ್ಪಲಿ ಹಾಕಿಕೊಂಡು, ಶೂ ಚೀಲದಲ್ಲಿಟ್ಟುಕೋ. ತಲುಪಿದ ಮೇಲೆ ಸೋಪು ಹಾಕಿ ಕಾಲು ತೊಳೆದು ಪ್ರತಿ ಸಂದಿಯನ್ನೂ ಒರೆಸಿ, ಒಣ ಕಾಲುಚೀಲ ಹಾಕು. ಶೂ ಎರಡು ಜೊತೆ ಇರಲಿ, ಇವತ್ತಿನದು ನಾಳೆ ಬೇಡ. ಒದ್ದೆಯಾದರೆ ಹಳೇ ಆನಂದಬಜಾರ್ ಪತ್ರಿಕೆ ಉಂಡೆಮಾಡಿ ತುರುಕು, ರಾತ್ರಿಯೊಳಗೆ ನೀರು ಹೀರುತ್ತದೆ, ಸಿಕ್ಕರೆ ಅರ್ಧ ರಾತ್ರಿಗೆ ಒಮ್ಮೆ ಬದಲಿಸು. ಜುಲೈ ಆಗಸ್ಟಿನಲ್ಲಿ ಅಲ್ಲಿ ಬಟ್ಟೆ ಮೂರು ದಿನವಾದರೂ ತಣ್ಣಗೆ ಇರುತ್ತದೆ. ಕಾಲುಚೀಲಕ್ಕೆ ಬಿಸಿ ಇಸ್ತ್ರಿ ಹಾಕು. ಪಿಜಿಯ ಬಚ್ಚಲಿಗೆ ಬರಿಗಾಲಲ್ಲಿ ಇಳಿಯಬೇಡ. ನೇಲ್ ಕಟರ್ ನಿನ್ನದೇ ಇರಲಿ, ಕೆಟ್ಟ ಬೆರಳಿಗೆ ಬೇರೆ. ಪಾರ್ಲರಿನ ಪೆಡಿಕ್ಯೂರ್ ಸದ್ಯಕ್ಕೆ ಬಿಡು. ಆಲ್ತಾ ಹಚ್ಚಿಕೊಳ್ಳುವ ಆಸೆಯಿದ್ದರೆ ಪಾದದ ಅಂಚಿಗೆ ಹಚ್ಚಿಕೋ, ಉಗುರಿಗೆ ಬೇಡ.

ನಿನ್ನ ಅಪ್ಪನಿಗೂ ಕಾಲುಗುರು ಹೀಗೇ ಆಗಿದೆಯಂತೆ, ನಿನ್ನಮ್ಮ ಹೇಳಿದಳು. ಅವನಂಥ ಸಕ್ಕರೆ ಕಾಯಿಲೆಯವರಿಗೆ ನಾನು ಮೇಲೆ ಹೇಳಿದ ವಿನೆಗರ್ ನೀರೂ ಬೇಡ, ಬಿಸಿನೀರಿನಲ್ಲಿ ಕಾಲು ಅದ್ದುವುದೂ ಬೇಡ. ಪಾದದ ಸ್ಪರ್ಶ ಮಂಕಾಗಿದ್ದರೆ ಸುಟ್ಟದ್ದೂ ತಿಳಿಯುವುದಿಲ್ಲ. ಅವನು ನೇರ ಡಾಕ್ಟರಿಗೇ ತೋರಿಸಲಿ, ನೀನು ಫೋನ್ ಮಾಡಿ ಹೇಳು, ನನ್ನ ಮಾತು ಅವನು ಕೇಳುವುದಿಲ್ಲ.

ಪರೀಕ್ಷೆಗೆ ಹೋಗುವ ದಿನ ನೇಲ್ ಪಾಲಿಶ್ ಪೂರ್ತಿ ತೆಗೆದಿರಬೇಕು, ಉಗುರನ್ನು ಹಿಂದಿನ ದಿನ ನೀಟಾಗಿ ಕತ್ತರಿಸಿಬಿಡಬೇಡ, ಕೆರೆಯಲು ಅವರಿಗೆ ಏನಾದರೂ ಉಳಿದಿರಲಿ. ಇದುವರೆಗೆ ಹಚ್ಚಿದ್ದನ್ನೆಲ್ಲ ಟ್ಯೂಬು ಸಮೇತ ತೋರಿಸು, ಮಾಶಿಮಾರ ಎಣ್ಣೆಯ ಸಂಗತಿಯನ್ನೂ ಮುಚ್ಚಿಡಬೇಡ.