ಒಂದೇ ಹೆಡರ್, ಹಲವು ಬೀಗ: ಪ್ಯಾಕೆಟ್ ಮೇಲೆ ಏನು ಬರೀಬೇಕು?

ಐಪಿ ಹೆಡರ್ ಚಿತ್ರವನ್ನ ನಾವೆಲ್ಲ ಮಾರ್ಕ್ಸ್ ಸಲುವಾಗಿ ಬಾಯಿಪಾಠ ಮಾಡ್ತೀವಿ. ಯಾವ ಫೀಲ್ಡ್ ಎಷ್ಟು ಬಿಟ್ ಅಂತ ಗೊತ್ತಿರುತ್ತದೆ. ಅದು ಯಾಕಿದೆ ಅಂತ ಕೇಳಿದ್ರ ಮಾತ್ರ ಸುಮ್ಮನಾಗ್ತೀವಿ. ಇವತ್ತು ಒಂದೇ ಪ್ರಶ್ನೆ ನೋಡೋಣ: ಬೇರೆ ಬೇರೆ ಸೆಕ್ಯೂರಿಟಿ ಪ್ರೋಟೋಕಾಲ್‌ಗಳ ಪ್ಯಾಕೆಟ್‌ಗಳು ಒಂದೇ ದಾರಿಯಲ್ಲಿ ಬಂದರೆ, ಯಾವುದು ಯಾರದ್ದು ಅಂತ ಆ ಕಡೆಯ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗಬೇಕು? ಕೊನೆಗೆ ಮಿನಿ ಪ್ರಾಜೆಕ್ಟ್‌ಗೆ ಸಾಲುವಷ್ಟು, 8 ಬೈಟ್‌ನ ಒಂದು ಹೆಡರ್ ನಾವೇ ಮಾಡೋಣ.

1. ಒಂದು ಬೈಟ್‌ನ ಕೆಲಸ

ಐಪಿವಿ4 ಹೆಡರ್‌ನ 10ನೇ ಬೈಟ್‌ನ ಹೆಸರು 'ಪ್ರೋಟೋಕಾಲ್'. ಅಲ್ಲಿ 6 ಇದ್ದರೆ ಒಳಗೆ ಟಿಸಿಪಿ, 17 ಇದ್ದರೆ ಯುಡಿಪಿ. 1995ರಲ್ಲಿ ಐಪಿಸೆಕ್ ಬಂದಾಗ ಐಪಿ ಹೆಡರ್ ಬದಲಿಸಬೇಕಾಗಲಿಲ್ಲ. ಇಎಸ್‌ಪಿಗೆ 50, ಎಎಚ್‌ಗೆ 51 ಅಂತ ನಂಬರ್ ಕೊಟ್ಟರು, ಮುಗೀತು. ಐಪಿವಿ6ನಲ್ಲಿ ಇದೇ ಕೆಲಸವನ್ನ 'ನೆಕ್ಸ್ಟ್ ಹೆಡರ್' ಮಾಡುತ್ತದೆ. ರೈಲಿನ ಬೋಗಿ ಜೋಡಿಸಿದ ಹಾಗೆ, ಪ್ರತಿ ಹೆಡರ್ ತನ್ನ ಹಿಂದೆ ಬರುವುದು ಯಾವುದು ಅಂತ ಹೇಳುತ್ತದೆ.

ಈಗ ಇಎಸ್‌ಪಿ ಹೆಡರ್ ನೋಡ್ರಿ. ಹೊರಗೆ ಕಾಣೋದು 8 ಬೈಟ್ ಅಷ್ಟೇ: 4 ಬೈಟ್ ಎಸ್‌ಪಿಐ, 4 ಬೈಟ್ ಸೀಕ್ವೆನ್ಸ್ ನಂಬರ್. ಯಾವ ಎನ್‌ಕ್ರಿಪ್ಷನ್ ಅಲ್ಗಾರಿದಮ್ ಬಳಸಿದ್ದಾರೆ ಅಂತ ಎಲ್ಲೂ ಬರೆದಿಲ್ಲ! ಎಸ್‌ಪಿಐ ಅನ್ನೋದು ಬರೀ ಟೋಕನ್ ನಂಬರ್. ಆ ನಂಬರ್‌ಗೆ ಯಾವ ಕೀ, ಯಾವ ಅಲ್ಗಾರಿದಮ್ ಅನ್ನೋದು ಎರಡೂ ಕಡೆಯ ಟೇಬಲ್‌ನಲ್ಲಿ ಮೊದಲೇ ಕೂತಿರುತ್ತದೆ. ಇದರಿಂದ ಎರಡು ಲಾಭ. ನಾಳೆ ಹೊಸ ಅಲ್ಗಾರಿದಮ್ ಬಂದರೂ ಹೆಡರ್ ಬದಲಾಗಬೇಕಿಲ್ಲ. ಮತ್ತೆ, ನಡುವೆ ಕೂತ ಕಳ್ಳ 'ಇದಕ್ಕೆ ಬೀಗ ಇಲ್ಲ' ಅಂತ ಹೆಡರ್ ತಿದ್ದಿ ಮೋಸ ಮಾಡೋಕೆ ಆಗೋದಿಲ್ಲ.

2. ವಿಳಾಸ ತಿದ್ದುವ ರೂಟರ್

ಸಪ್ತಾಪುರದ ಯಾವುದೇ ಪಿ.ಜಿ. ತಗೊಳ್ಳಿ. ಹತ್ತಾರು ಹುಡುಗರು, ಒಂದೇ ವೈಫೈ ಕನೆಕ್ಷನ್. ಎಲ್ಲರ ಪ್ಯಾಕೆಟ್ ಹೊರಗೆ ಹೋಗುವಾಗ ರೂಟರ್ 'ಇಂದ' ವಿಳಾಸ ಅಳಿಸಿ ತನ್ನದನ್ನ ಬರೆಯುತ್ತದೆ. ಇದೇ ನ್ಯಾಟ್. ಉತ್ತರ ವಾಪಸ್ ಬಂದಾಗ ಯಾರ ಫೋನ್‌ಗೆ ಕೊಡಬೇಕು ಅನ್ನೋದಕ್ಕೆ ಅದು ಸಾಮಾನ್ಯವಾಗಿ ಪೋರ್ಟ್ ನಂಬರ್ ನೋಡುತ್ತದೆ.

ಎಎಚ್ ಇಲ್ಲಿ ಸಿಕ್ಕಿ ಬೀಳುತ್ತದೆ, ಯಾಕಂದ್ರ ಅದರ ಸೀಲ್ ಹೊರಗಿನ ಐಪಿ ವಿಳಾಸದ ಮೇಲೂ ಇರುತ್ತದೆ. ದಾರಿಯಲ್ಲಿ ಟಿಟಿಎಲ್ ಕಡಿಮೆ ಆಗುತ್ತೆ ಅಂತ ಮೊದಲೇ ಗೊತ್ತಿದ್ದರಿಂದ ಸೀಲ್ ಲೆಕ್ಕದಲ್ಲಿ ಅದನ್ನ ಸೊನ್ನೆ ಅಂತ ಹಿಡಿಯುತ್ತಾರೆ. ಆದರೆ ವಿಳಾಸಕ್ಕೆ ಆ ವಿನಾಯಿತಿ ಇಲ್ಲ. ನ್ಯಾಟ್ ವಿಳಾಸ ತಿದ್ದಿತು ಅಂದ್ರ ಸೀಲ್ ಒಡೀತು, ಪ್ಯಾಕೆಟ್ ಕಸಕ್ಕೆ. ಇಎಸ್‌ಪಿ ಸೀಲ್‌ನಲ್ಲಿ ಹೊರಗಿನ ವಿಳಾಸ ಸೇರಿಲ್ಲ, ಹಂಗಾಗಿ ಅದು ಒಡೆಯೋದಿಲ್ಲ. ಆದರೆ ಇಎಸ್‌ಪಿಗೆ ಪೋರ್ಟ್ ನಂಬರೇ ಇಲ್ಲ. ರೂಟರ್‌ಗೆ ಯಾರ ಪ್ಯಾಕೆಟ್ ಅಂತ ತಿಳಿಯೋದು ಕಷ್ಟ.

3. ಒಂದೇ ಬಾಗಿಲು, ಮೊದಲ ಬೈಟ್

ಇದಕ್ಕೆ 2005ರಲ್ಲಿ ಬಂದ ಸ್ಟ್ಯಾಂಡರ್ಡ್ ಪರಿಹಾರ: ಇಎಸ್‌ಪಿಯನ್ನ ಯುಡಿಪಿ ಒಳಗೆ ಹಾಕಿ 4500 ಪೋರ್ಟ್‌ನಲ್ಲಿ ಕಳಿಸೋದು. ಆದರೆ ಕೀ ಮಾತುಕತೆ ಮಾಡುವ ಐಕೆಇ ಪ್ಯಾಕೆಟ್‌ಗಳೂ ಅದೇ ಪೋರ್ಟ್‌ಗೆ ಬರುತ್ತವೆ. ಬೇರ್ಪಡಿಸೋದು ಹೇಗೆ? ಇಎಸ್‌ಪಿ ಶುರುವಾಗೋದು ಎಸ್‌ಪಿಐ ಇಂದ, ಅದು ಎಂದೂ ಸೊನ್ನೆ ಆಗಿ ಬರುವಂತಿಲ್ಲ. ಹಾಗಾಗಿ ಐಕೆಇ ಮುಂದೆ 4 ಸೊನ್ನೆ ಬೈಟ್ ಇಟ್ಟರು. ಮೊದಲ 4 ಬೈಟ್ ಸೊನ್ನೆ ಇದ್ದರೆ ಐಕೆಇ, ಇಲ್ಲದಿದ್ದರೆ ಇಎಸ್‌ಪಿ. ನ್ಯಾಟ್ ನಮ್ಮನ್ನ ಮರೆಯದಿರಲಿ ಅಂತ ಆಗಾಗ ಕಳಿಸುವ ಪ್ಯಾಕೆಟ್‌ನಲ್ಲಿ 255 ಬೆಲೆಯ ಒಂದೇ ಬೈಟ್ ಇರುತ್ತದೆ.

ಬ್ರೌಸರ್‌ನಲ್ಲಿ ವಿಡಿಯೋ ಕಾಲ್ ಮಾಡುವ ವೆಬ್‌ಆರ್‌ಟಿಸಿಯಲ್ಲೂ ಇದೇ ಐಡಿಯಾ. ಒಂದೇ ಪೋರ್ಟ್‌ಗೆ ಬಂದ ಪ್ಯಾಕೆಟ್‌ನ ಮೊದಲ ಬೈಟ್ 0ರಿಂದ 3 ಇದ್ದರೆ ಸ್ಟನ್, 20ರಿಂದ 63 ಇದ್ದರೆ ಡಿಟಿಎಲ್‌ಎಸ್, 128ರಿಂದ 191 ಇದ್ದರೆ ಆಡಿಯೋ-ವಿಡಿಯೋ ಹೊರುವ ಆರ್‌ಟಿಪಿ. ಆರ್‌ಟಿಪಿಗೆ 128 ಯಾಕೆ? ಅದರ ಮೊದಲ ಎರಡು ಬಿಟ್ ವರ್ಷನ್ ನಂಬರ್, ಬೆಲೆ 2, ಬೈನರಿಯಲ್ಲಿ 10. ನೀವೇ ಬರೆದು ನೋಡ್ರಿ, 128ರಿಂದ 191 ಸರಿಯಾಗಿ ಬರುತ್ತದೆ.

4. ಸುಳ್ಳು ಹೇಳುವ ವರ್ಷನ್

ಹೊರಗೆ ಕಾಣುವ ಫೀಲ್ಡ್‌ಗೆ ಇನ್ನೊಂದು ಅಪಾಯ ಇದೆ. ನಡುವಿನ ಫೈರ್‌ವಾಲ್‌ಗಳು ಅದನ್ನ ಓದಿ ಓದಿ ರೂಢಿ ಮಾಡಿಕೊಳ್ಳುತ್ತವೆ. ಹೊಸ ಬೆಲೆ ಕಂಡರೆ ಕೆಲವು ಪ್ಯಾಕೆಟ್ಟನ್ನೇ ಬೀಳಿಸುತ್ತವೆ. 2018ರಲ್ಲಿ ಬಂದ ಟಿಎಲ್‌ಎಸ್ 1.3 ಇದೇ ಕಾರಣಕ್ಕೆ ಹಳೇ ವರ್ಷನ್ ಫೀಲ್ಡ್‌ನಲ್ಲಿ 1.2 ಅಂತಲೇ ಬರೆಯುತ್ತದೆ, ನಿಜವಾದ ವರ್ಷನ್ನನ್ನ ಬೇರೆ ಎಕ್ಸ್‌ಟೆನ್ಷನ್‌ನಲ್ಲಿ ಹೇಳುತ್ತದೆ. ಇದಕ್ಕೆ ಮದ್ದಾಗಿ ಗ್ರೀಸ್ ಅನ್ನೋ ಉಪಾಯ ಬಂತು: ಅರ್ಥವಿಲ್ಲದ ಬೆಲೆಗಳನ್ನ ಬೇಕಂತಲೇ ಕಳಿಸುತ್ತಿರೋದು. ದಿನಾ ತೆಗೆದು ಹಾಕುವ ಬಾಗಿಲ ಕೀಲು ತುಕ್ಕು ಹಿಡಿಯೋದಿಲ್ಲ ನೋಡ್ರಿ, ಹಂಗ.

5. ನಮ್ಮದೇ 8 ಬೈಟ್

ಇಎಸ್‌ಪಿ32 ಬೋರ್ಡ್ ಒಂದು ಹೊಲದ ಮಣ್ಣಿನ ತೇವ ಅಳೆದು ಯುಡಿಪಿಯಲ್ಲಿ ಕಳಿಸುತ್ತದೆ ಅಂತ ಇಟ್ಕೊಳ್ಳಿ. (ಬೋರ್ಡ್ ಹೆಸರಿಗೂ ಮೇಲಿನ ಇಎಸ್‌ಪಿಗೂ ಸಂಬಂಧ ಇಲ್ಲ.)

- ವರ್ಷನ್: 4 ಬಿಟ್
- ಟೈಪ್: 4 ಬಿಟ್ (0 ಕೀ ಮಾತುಕತೆ, 1 ಡೇಟಾ)
- ಖಾಲಿ ಜಾಗ: 1 ಬೈಟ್. ಕಳಿಸುವವರು ರ‍್ಯಾಂಡಮ್ ಬೆಲೆ ತುಂಬಬೇಕು, ಪಡೆಯುವವರು ಲೆಕ್ಕಕ್ಕೆ ಇಡಬಾರದು
- ಕೀ ನಂಬರ್: 2 ಬೈಟ್. ಅಲ್ಗಾರಿದಮ್ ಹೆಸರು ಬೇಡ, ಅದು ಟೇಬಲ್‌ನಲ್ಲಿರಲಿ
- ಸೀಕ್ವೆನ್ಸ್: 4 ಬೈಟ್

ಉದ್ದದ ಫೀಲ್ಡ್ ಬೇಕಿಲ್ಲ, ಯುಡಿಪಿ ಹೆಡರ್‌ನಲ್ಲೇ ಇದೆ. ಡೇಟಾಗೆ ಎಇಎಸ್-ಜಿಸಿಎಂ ಬಳಸಿದರೆ ಈ 8 ಬೈಟನ್ನ ಎನ್‌ಕ್ರಿಪ್ಟ್ ಮಾಡದೆ ಸೀಲ್‌ಗೆ ಮಾತ್ರ ಸೇರಿಸಬಹುದು. ಆಗ ಹೆಡರ್ ಎಲ್ಲರಿಗೂ ಕಾಣುತ್ತದೆ, ಆದರೆ ಒಂದು ಬಿಟ್ ತಿದ್ದಿದರೂ ಗೊತ್ತಾಗುತ್ತದೆ. ಐಪಿ ವಿಳಾಸವನ್ನ ಸೀಲ್‌ಗೆ ಸೇರಿಸಬೇಡಿ. ಎಎಚ್ ಕಥೆ ನೆನಪಿರಲಿ.

ಈಗ ಮುಖ್ಯ ಮಾತು. ಜಿಸಿಎಂಗೆ ಪ್ರತಿ ಪ್ಯಾಕೆಟ್‌ಗೂ ಹೊಸ ನಾನ್ಸ್ ಬೇಕು, ಅದನ್ನ ನಾವು ಸೀಕ್ವೆನ್ಸ್‌ನಿಂದ ಮಾಡ್ತೀವಿ. ಸೆಕೆಂಡಿಗೆ ಒಂದು ಪ್ಯಾಕೆಟ್ ಅಂದ್ರ 32 ಬಿಟ್ ತುಂಬೋಕೆ ಸುಮಾರು 136 ವರ್ಷ, ಚಿಂತೆ ಇಲ್ಲ ಅನ್ನಿಸುತ್ತದೆ. ಆದರೆ ಕರೆಂಟ್ ಹೋಗಿ ಬಂತು ಅನ್ಕೊಳ್ಳಿ. ಬೋರ್ಡ್ ರೀಸ್ಟಾರ್ಟ್ ಆಗಿ ಸೀಕ್ವೆನ್ಸ್ ಮತ್ತೆ 0ಯಿಂದ ಶುರು, ಕೀ ಮಾತ್ರ ಹಳೇದು. ಒಂದೇ ಕೀ, ಒಂದೇ ನಾನ್ಸ್ ಎರಡು ಸಲ ಬಂದರೆ ಜಿಸಿಎಂ ರಕ್ಷಣೆ ಹೋಯಿತು: ಡೇಟಾ ಗುಟ್ಟೂ ಉಳಿಯೋದಿಲ್ಲ, ಸುಳ್ಳು ಸೀಲ್ ಮಾಡೋಕೂ ದಾರಿ ಸಿಗುತ್ತದೆ. ಆದ್ದರಿಂದ ಪ್ರತಿ ರೀಸ್ಟಾರ್ಟ್‌ಗೂ ಹೊಸ ಕೀ ತಗೊಳ್ಳಬೇಕು, ಇಲ್ಲವೇ ಬಳಸಿದ ಸೀಕ್ವೆನ್ಸ್ ಹಿಂದೆ ಹೋಗದ ಹಾಗೆ ಫ್ಲ್ಯಾಷ್‌ನಲ್ಲಿ ಕಾಪಾಡಬೇಕು. ಹೆಡರ್ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಇದು ಅದರಲ್ಲಿ ಕಾಣೋದಿಲ್ಲ.

ಇದು ಕಲಿಯೋಕೆ ಮಾಡಿದ ಹೆಡರ್. ಜನ ಬಳಸುವ ಪ್ರಾಡಕ್ಟ್ ಆದರೆ ಡಿಟಿಎಲ್‌ಎಸ್‌ನಂಥ ಪರೀಕ್ಷೆಗೊಳಗಾದದ್ದನ್ನೇ ಹಾಕಿ.

ಅಭ್ಯಾಸಕ್ಕೆ: ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ವೈರ್‌ಶಾರ್ಕ್ ಹಾಕಿ, ಬ್ರೌಸರ್‌ನಿಂದ ಗೆಳೆಯನಿಗೆ ವಿಡಿಯೋ ಕಾಲ್ ಮಾಡಿ, ನಿಮ್ಮದೇ ಯುಡಿಪಿ ಪ್ಯಾಕೆಟ್‌ಗಳ ಮೊದಲ ಬೈಟ್ ನೋಡಿ. ಸ್ಟನ್ ಎಷ್ಟು, ಡಿಟಿಎಲ್‌ಎಸ್ ಎಷ್ಟು, ಆರ್‌ಟಿಪಿ ಎಷ್ಟು ಅಂತ ಎಣಿಸಿ. ಆಮೇಲೆ ನಮ್ಮ 8 ಬೈಟ್ ಹೆಡರ್‌ನ ಮೊದಲ ಬೈಟ್ ಇವುಗಳ ಜೊತೆ ಡಿಕ್ಕಿ ಹೊಡೆಯದ ಹಾಗೆ ವರ್ಷನ್‌ಗೆ ಯಾವ ಬೆಲೆ ಕೊಡಬಹುದು ಅಂತ ಯೋಚನೆ ಮಾಡಿ.