ಒಂದು ಗುಳಿಗೆಯೂ ತಪ್ಪದಿರಲಿ

ವೈದ್ಯಕೀಯ ನೆರವು ಎಂದೊಡನೆ ನಮಗೆಲ್ಲ ನೆನಪಾಗುವುದು ಆಪರೇಷನ್ ಖರ್ಚು. ಆದರೆ ಕೆಲವು ರೋಗಗಳಲ್ಲಿ ಜೀವ ಕಾಯುವುದು ದಿನಕ್ಕೊಮ್ಮೆ ನುಂಗುವ ಗುಳಿಗೆ. ಸಿ.ಎಂ.ಎಲ್. ಎಂಬ ರಕ್ತದ ಕ್ಯಾನ್ಸರ್ ಅಂಥದ್ದು.

ಈ ರೋಗದಲ್ಲಿ ಮೂಳೆಮಜ್ಜೆಯ ಜೀವಕೋಶದೊಳಗೆ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗುತ್ತವೆ. ಅದರಿಂದ ಹುಟ್ಟುವ ಪ್ರೋಟೀನು ಬಿಳಿ ರಕ್ತಕಣಗಳನ್ನು ಮಿತಿಮೀರಿ ಬೆಳೆಸುತ್ತದೆ. ಆ ಪ್ರೋಟೀನನ್ನೇ ತಡೆಯುವ ಇಮ್ಯಾಟಿನಿಬ್ ಗುಳಿಗೆಗೆ ಅಮೆರಿಕದಲ್ಲಿ 2001ರಲ್ಲಿ ಅನುಮತಿ ಸಿಕ್ಕಿತು. ಅದರ ಒಂದು ರೂಪಕ್ಕೆ ಕೇಳಿದ್ದ ಪೇಟೆಂಟನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ನಿರಾಕರಿಸಿತು. ಹೀಗಾಗಿ ಇಲ್ಲಿನ ಕಂಪನಿಗಳು ತಯಾರಿಸುವ ಅಗ್ಗದ ಗುಳಿಗೆ ನಮ್ಮ ರೋಗಿಗಳ ಕೈ ತಪ್ಪಲಿಲ್ಲ.

ಬೆಲೆ ಇಳಿದರೆ ಸಾಲದು, ಗುಳಿಗೆ ತಪ್ಪಲೂಬಾರದು. ಲಂಡನ್ನಿನ ವೈದ್ಯರು 87 ರೋಗಿಗಳ ಔಷಧದ ಬಾಟಲಿಗೆ ಎಣಿಕೆಯ ಮುಚ್ಚಳ ಹಾಕಿ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಶೇ. 90ಕ್ಕಿಂತ ಹೆಚ್ಚು ಗುಳಿಗೆ ನುಂಗಿದವರಲ್ಲಿ ಆರು ವರ್ಷದೊಳಗೆ ರೋಗ ಚೆನ್ನಾಗಿ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 94, ಉಳಿದವರಲ್ಲಿ ಸುಮಾರು ಶೇ. 28 ಮಾತ್ರ. ಶೇ. 90 ಎಂದರೆ ತಿಂಗಳಿಗೆ 27 ಗುಳಿಗೆ. ಮೂರೇ ದಿನದ ವ್ಯತ್ಯಾಸ!

ಮೈಯಲ್ಲಿ ಹುಷಾರಾಗಿದೆಯೆಂದು, ಕೈಯಲ್ಲಿ ಹಣವಿಲ್ಲವೆಂದು ಯಾರೂ ಡಾಕ್ಟರನ್ನು ಕೇಳದೆ ಔಷಧ ನಿಲ್ಲಿಸಬಾರದು. ಅಡಚಣೆಯಿದ್ದರೆ ಗುಳಿಗೆ ಮುಗಿಯುವ ಮುಂಚೆಯೇ ಸಂಘಕ್ಕೆ ತಿಳಿಸಿ. ದಾನಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಒಮ್ಮೆ ಕೊಡುವ ದೊಡ್ಡ ಮೊತ್ತದಂತೆಯೇ ತಿಂಗಳು ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತವೂ ಒಂದು ಜೀವ ಉಳಿಸುತ್ತದೆ.